ಕಿಲೋಮೀಟರ್ ಅಲ್ಲ, ಹೊತ್ತು ನೋಡಿ ಪ್ರವಾಸ ಹಾಕಿ

ಮಾನ್ಯರೆ,

ಮಳೆ ನಿಂತು ಕಬ್ಬಿನ ಕಟಾವು ಶುರುವಾಗುವ ಹೊತ್ತಿಗೆ ನಮ್ಮ ವಿಜಯಪುರ, ಬಾಗಲಕೋಟೆ ಭಾಗದ ಮನೆಗಳಲ್ಲಿ ಪ್ರವಾಸದ ಮಾತೂ ಏಳುತ್ತದೆ. ಗೋಳಗುಮ್ಮಟ, ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಿಕೊಂಡು, ಹಾಗೇ ಘಟ್ಟ ಇಳಿದು ಗೋಕರ್ಣ, ಮುರುಡೇಶ್ವರ ಮುಟ್ಟಿ ಬರುವುದು. ಇದಕ್ಕೆ ಪತ್ರಿಕೆಗಳ ಪ್ರವಾಸ ಪುಟಗಳಲ್ಲೂ ಮೊಬೈಲಿನಲ್ಲೂ ‘ಮೂರು ದಿನ, ಹನ್ನೆರಡು ತಾಣ’ ಎಂಬಂಥ ಪಟ್ಟಿಗಳು ಸಿಗುತ್ತವೆ. ಊರಿಂದೂರಿಗೆ ಎಷ್ಟು ಕಿಲೋಮೀಟರ್ ಎಂಬುದು ಅವುಗಳಲ್ಲಿರುತ್ತದೆ. ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂಬುದು ಇರುವುದಿಲ್ಲ. ಮುದುಕರು, ಮಕ್ಕಳು ಇರುವ ಕುಟುಂಬದ ಪ್ರವಾಸ ಕೆಡುವುದು ಅಲ್ಲೇ. ಈ ದಾರಿಯಲ್ಲಿ ಗಾಡಿ ಓಡಿಸುವ, ಗುಡಿಗಳಲ್ಲಿ ಗೈಡ್ ಕೆಲಸ ಮಾಡುವ ನಾವು ಕೆಲವು ವಿವರ ಬರೆಯುತ್ತಿದ್ದೇವೆ. ದಯವಿಟ್ಟು ಪ್ರಕಟಿಸಿ.

ಗಾಡಿ ಹೇಳುವ ಮೊದಲು ಪಂಚಾಂಗ ತೆಗೆಯಿರಿ. ಶಕುನಕ್ಕಲ್ಲ, ಹುಣ್ಣಿಮೆ ಎಲ್ಲಿ ಬೀಳುತ್ತದೆ ಎಂದು ನೋಡಲಿಕ್ಕೆ. ಬನದ ಹುಣ್ಣಿಮೆಗೆ ಬಾದಾಮಿ ಪಕ್ಕದ ಬನಶಂಕರಿ ಜಾತ್ರೆ. ತೇರಿನ ದಿನ ಆ ಗುಡಿಯಿರುವ ಚೊಳಚಗುಡ್ಡದ ರಸ್ತೆಯಲ್ಲಿ ಗಾಡಿ ಹೋಗುವುದಿಲ್ಲ, ಜಾತ್ರೆಯ ಗದ್ದಲ ವಾರಗಟ್ಟಲೆ ಇಳಿಯುವುದಿಲ್ಲ, ಬಾದಾಮಿಯಲ್ಲಿ ರೂಮೂ ಸಿಗುವುದಿಲ್ಲ. ಹೊಸ್ತಿಲ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಟ್ರ್ಯಾಕ್ಟರ್, ಚಕ್ಕಡಿಗಳು ನರಗುಂದದ ಸುತ್ತಿನ ರಸ್ತೆಗಳನ್ನು ತುಂಬುತ್ತವೆ. ಇದು ಬಯಲುಸೀಮೆಯ ಪಾಲಾಯಿತು. ಅದೇ ಹುಣ್ಣಿಮೆ ಕಡಲಲ್ಲಿ ಬೇರೆ ಕೆಲಸ ಮಾಡುತ್ತದೆ: ಹುಣ್ಣಿಮೆ, ಅಮಾವಾಸ್ಯೆಯ ಆಚೀಚೆ ಭರತ, ಅಂದರೆ ಕಡಲಿನ ಉಬ್ಬರ, ಹೆಚ್ಚು ಏರುತ್ತದೆ, ಇಳಿತದಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಇಳಿತದ ಹೊತ್ತಿಗೆ ದಂಡೆ ಮೈದಾನದ ಹಾಗೆ ಕಾಣುತ್ತದೆ. ಬಂಡೆ ಮೇಲೆ ಕೂತು ಬುತ್ತಿ ಬಿಚ್ಚಿದವರಿಗೆ ಹಿಂದಿನಿಂದ ನೀರು ಬಂದದ್ದು ಗೊತ್ತಾಗುವುದಿಲ್ಲ. ಆದ್ದರಿಂದ ಹುಣ್ಣಿಮೆ ಕಳೆದು ಐದಾರು ದಿನ ಬಿಟ್ಟು, ಬನಶಂಕರಿ ಜಾತ್ರೆಯಿದ್ದರೆ ಅದರ ಗದ್ದಲ ಇಳಿದ ಮೇಲೆ, ಹೊರಡುವುದು ಎರಡೂ ಕಡೆಗೆ ಒಳ್ಳೆಯದು.

ಇನ್ನು ಹಾದಿ. ವಿಜಯಪುರದಿಂದ ಹೊರಡುವವರಿಗೆ ನಮ್ಮ ಲೆಕ್ಕ ಆರು ದಿನ, ಐದು ರಾತ್ರಿ. ಕಡಿಮೆ ಮಾಡಬೇಕಿದ್ದರೆ ತಾಣ ಬಿಡಿ, ನಿದ್ದೆ ಬಿಡಬೇಡಿ.

ಮೊದಲ ದಿನ ಬಾಗಿಲು ತೆರೆಯುತ್ತಿದ್ದಂತೆ ಗೋಳಗುಮ್ಮಟದಲ್ಲಿರಬೇಕು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಈ ಗೋರಿಯ ಪಿಸುಗುಟ್ಟುವ ಗ್ಯಾಲರಿ ಕೆಲಸ ಮಾಡುವುದು ಜನ ಇಲ್ಲದಾಗ ಮಾತ್ರ. ಒಂಬತ್ತು ಗಂಟೆಗೆ ಶಾಲೆ ಬಸ್ಸುಗಳು ಬಂದವೆಂದರೆ ಪಿಸುಮಾತಿನ ಜಾಗದಲ್ಲಿ ಬರೀ ಕೂಗಾಟ. ಮೇಲಕ್ಕೆ ಹೋಗಲು ಮೂಲೆಯ ಏಳಂತಸ್ತಿನ ಗೋಪುರಗಳ ಇಕ್ಕಟ್ಟಾದ ಮೆಟ್ಟಿಲೇ ದಾರಿ. ಮೊಣಕಾಲು ನೋವಿನ ಹಿರಿಯರನ್ನು ಹತ್ತಿಸಬೇಡಿ; ಹತ್ತುವುದಕ್ಕಿಂತ ಇಳಿಯುವುದು ಕಷ್ಟ, ಎದುರಿನವರಿಗೆ ದಾರಿ ಬಿಡಲೂ ಜಾಗವಿಲ್ಲ. ಅವರು ಅಷ್ಟು ಹೊತ್ತು ಕೆಳಗೆ ಹುಲ್ಲಿನ ಮೇಲೆ ಕೂರಲಿ, ಆಮೇಲೆ ಎಲ್ಲರೂ ಇಬ್ರಾಹಿಂ ರೋಜಾ ನೋಡಲಿ. ಗೋಳಗುಮ್ಮಟದ ಆವರಣದ ಮ್ಯೂಸಿಯಂ ಶುಕ್ರವಾರ ಮುಚ್ಚಿರುತ್ತದೆ. ಬಾದಾಮಿ, ಐಹೊಳೆಯ ಮ್ಯೂಸಿಯಂಗಳೂ ಹಾಗೇ. ಶುಕ್ರವಾರ ಈ ಭಾಗಕ್ಕೆ ಬೀಳದಂತೆ ದಿನ ಹೊಂದಿಸಿ. ಹನ್ನೊಂದಕ್ಕೆ ಬಿಟ್ಟರೆ ರಾಷ್ಟ್ರೀಯ ಹೆದ್ದಾರಿ 52 ಹಿಡಿದು ಕೊಲ್ಹಾರದ ಬಳಿ ಕೃಷ್ಣೆ ದಾಟಿ, ಬೀಳಗಿ ಕ್ರಾಸ್, ಗದ್ದನಕೇರಿ, ಕೆರೂರು ಮೇಲೆ ಮೂರು ಗಂಟೆಯೊಳಗೆ ಬಾದಾಮಿ. ಸಂಜೆ ಅಗಸ್ತ್ಯತೀರ್ಥ ಕೆರೆಯ ಪೂರ್ವ ದಂಡೆಯ ಭೂತನಾಥ ಗುಡಿಯ ಮೆಟ್ಟಿಲ ಮೇಲೆ ಸೂರ್ಯ ಮುಳುಗುವವರೆಗೆ ಕೂರಿ, ಬೇರೇನೂ ಇಟ್ಟುಕೊಳ್ಳಬೇಡಿ.

ಎರಡನೇ ದಿನದ ಬಗ್ಗೆ ನಮ್ಮಲ್ಲೇ ಜಗಳವಿದೆ. ಕಾಲಕ್ರಮದಂತೆ ಐಹೊಳೆ ಮೊದಲು ತೋರಿಸಬೇಕೆನ್ನುವವರು ಕೆಲವರು. ಬೆಳಕು ನೋಡಿದರೆ ಪಟ್ಟದಕಲ್ಲೇ ಮೊದಲಾಗಬೇಕು. ಚಾಲುಕ್ಯ ಅರಸ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖಮಾಡಿದೆ. ಬೆಳಗಿನ ಬಿಸಿಲು ಒಳಗೆ ಬಿದ್ದಾಗ ಕಂಬಗಳ ರಾಮಾಯಣ, ಮಹಾಭಾರತದ ಕೆತ್ತನೆ ಟಾರ್ಚ್ ಇಲ್ಲದೆ ಓದಲಿಕ್ಕೆ ಬರುತ್ತದೆ, ಮಧ್ಯಾಹ್ನ ಬರುವುದಿಲ್ಲ. ಬಾದಾಮಿಯಿಂದ 22 ಕಿ.ಮೀ., ಎಂಟಕ್ಕೆ ಅಲ್ಲಿರಿ. ಹತ್ತೂವರೆಗೆ ಐಹೊಳೆ. ಅಲ್ಲಿನ ದುರ್ಗ ಗುಡಿಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಪಕ್ಕದ ಕೋಟೆಯಿಂದ ಎಂಬುದನ್ನು ಗೈಡ್ ಹೇಳದಿದ್ದರೆ ನೀವೇ ಮಕ್ಕಳಿಗೆ ಹೇಳಿ. ಮೇಗುತಿ ಗುಡ್ಡದ ಮೇಲೆ 634ರಲ್ಲಿ ಕವಿ ರವಿಕೀರ್ತಿ ಬರೆದ ಶಾಸನ. ಬಿಸಿಲೇರುವ ಮೊದಲು ಹತ್ತಿ ಇಳಿದುಬಿಡಿ. ಊಟಕ್ಕೆ ಬನಶಂಕರಿ, ಗುಡಿ ಎದುರು ಹೆಣ್ಣುಮಕ್ಕಳು ಬುಟ್ಟಿಯಲ್ಲಿ ತರುವ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಮೊಸರಿಗಿಂತ ಒಳ್ಳೆಯ ಊಟ ಈ ಆರು ದಿನಗಳಲ್ಲಿ ಸಿಗಲಿಕ್ಕಿಲ್ಲ. ನಾಲ್ಕರ ನಂತರ ಬಾದಾಮಿಯ ಮೇಣಬಸದಿಗಳು, ಅಂದರೆ ಬಂಡೆ ಕೊರೆದು ಮಾಡಿದ ಗುಹೆಯ ಗುಡಿಗಳು. ಕೈಯಲ್ಲಿ ಬಾಳೆಹಣ್ಣು, ಕುರುಕುಲು ತಿಂಡಿಯ ಚೀಲ ಕಂಡರೆ ಮಂಗಗಳು ಬಿಡುವುದಿಲ್ಲ. ತಿನ್ನುವುದೆಲ್ಲ ಗಾಡಿಯಲ್ಲೇ ಇರಲಿ.

ಗೈಡ್ ವಿಷಯ. ಊರಿಂದಲೇ ಒಬ್ಬನನ್ನು ಆರೂ ದಿನಕ್ಕೆ ಕರೆದೊಯ್ಯುವುದಕ್ಕಿಂತ ಆಯಾ ಊರಿನವರನ್ನು ಆಯಾ ಜಾಗಕ್ಕೆ ಹಿಡಿಯುವುದು ಮೇಲು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ. ಯಾವ ಯಾವ ಸ್ಮಾರಕ, ಎಷ್ಟು ಗಂಟೆ, ಎಷ್ಟು ಹಣ ಎಂಬುದನ್ನು ಗಾಡಿ ಇಳಿಯುವ ಮೊದಲೇ ಮಾತಾಡಿ. ಪಟ್ಟದಕಲ್ಲು, ಐಹೊಳೆಗೂ ಅವರನ್ನೇ ಒಯ್ಯುವುದಾದರೆ ಗಾಡಿಯಲ್ಲಿ ಅವರಿಗೊಂದು ಸೀಟು ಬೇಕೆಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಮಕ್ಕಳಿದ್ದರೆ ಇಡೀ ಚಾಲುಕ್ಯರ ಇತಿಹಾಸ ಒಂದೇ ಉಸಿರಿಗೆ ಬೇಡವೆನ್ನಿ. ಒಂದೊಂದು ಜಾಗದಲ್ಲಿ ಒಂದೊಂದು ಹುಡುಕುವ ಕೆಲಸ ಕೊಡಲಿ: ಬಾದಾಮಿಯ ಮೊದಲ ಮೇಣಬಸದಿಯ ನಟರಾಜನಿಗೆ ಎಷ್ಟು ಕೈ (ಹದಿನೆಂಟು), ಮೂರನೆಯದರಲ್ಲಿ ಚಾಲುಕ್ಯರ ಮಂಗಳೇಶ ಬರೆಸಿದ 578ರ ಶಾಸನ ಯಾವ ಕಂಬದ ಮೇಲಿದೆ, ಕೆರೆಯಾಚೆ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಎಲ್ಲಿ. ಕನ್ನಡದ ಹಳೆಯ ತ್ರಿಪದಿಗಳಿರುವ ಆ ಬಂಡೆಯನ್ನು ನೋಡದೆ ಹೋಗುವ ಕನ್ನಡಿಗರೇ ಹೆಚ್ಚು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಉಳಿದವರಿಗೆ ಚಿಲ್ಲರೆ ನಗದು ಇರಲಿ, ನೆಟ್‌ವರ್ಕ್ ಕೈಕೊಟ್ಟರೆ ಕ್ಯೂಆರ್ ಚೀಟಿ ಗೋಡೆಯ ಅಲಂಕಾರ ಅಷ್ಟೇ.

ಮೂರನೇ ದಿನ ಉದ್ದದ ದಿನ: ಕುಳಗೇರಿ ಕ್ರಾಸ್, ನರಗುಂದ, ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಗೋಕರ್ಣ. ಸುಮಾರು 260 ಕಿ.ಮೀ., ನಿಲುಗಡೆ ಸೇರಿ ಏಳೆಂಟು ಗಂಟೆ. ಏಳಕ್ಕೆ ಹೊರಟು, ಯಲ್ಲಾಪುರದಲ್ಲಿ ಹಗುರ ಊಟ ಮಾಡಿ, ಮೂರರೊಳಗೆ ಘಟ್ಟ ಇಳಿದಿರಬೇಕು. ನಮ್ಮ ಬಯಲಿನ ಚಾಲಕರು ತಪ್ಪುವುದು ಇಳಿಜಾರಿನಲ್ಲಿ. ಹತ್ತಲಿಕ್ಕೆ ಯಾವ ಗೇರ್ ಬೇಕೋ ಇಳಿಯಲಿಕ್ಕೂ ಅದೇ ಗೇರ್. ಗಾಡಿಯನ್ನು ನ್ಯೂಟ್ರಲ್‌ಗೆ ಬಿಟ್ಟು ಬರೀ ಬ್ರೇಕ್ ತುಳಿಯುತ್ತಾ ಹೋದರೆ ಬ್ರೇಕ್ ಕಾದು ಹಿಡಿತ ಹೋಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ತಾನಾಗಿ ಆರುವವರೆಗೆ ಕಾಯಿರಿ. ಕಾದ ಡ್ರಮ್ಮಿಗೆ ನೀರು ಸುರಿದರೆ ಬಿರುಕು ಬಿಡುತ್ತದೆ. ವಾಂತಿಯ ಮಕ್ಕಳನ್ನು ಹಿಂದಿನ ಸೀಟಿಗೆ ಹಾಕಬೇಡಿ, ಖಾಲಿ ಹೊಟ್ಟೆಯಲ್ಲೂ ಒಯ್ಯಬೇಡಿ. ತಿರುವುಗಳು ಮುಗಿಯುವವರೆಗೆ ಮೊಬೈಲ್ ಕಸಿದುಕೊಳ್ಳಿ. ಮಳೆಗಾಲದಲ್ಲಿ ಈ ದಾರಿಯನ್ನು ಕುಟುಂಬಕ್ಕೆ ನಾವು ಹೇಳುವುದೇ ಇಲ್ಲ; 2024ರ ಜುಲೈಯಲ್ಲಿ ಅಂಕೋಲಾ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿರಬೇಕು.

ನಾಲ್ಕನೇ ದಿನ ಬೆಳಿಗ್ಗೆಯೇ ಮಹಾಬಲೇಶ್ವರನ ದರ್ಶನ, ಮಧ್ಯಾಹ್ನ ಗುಡಿ ಮುಚ್ಚುತ್ತದೆ. ಗಂಡಸರು ಅಂಗಿ ಬಿಚ್ಚಬೇಕು, ಪಂಚೆ ಬೇಕು. ಊರಿಂದ ಎರಡು ಧೋತರ ಚೀಲದ ಮೇಲ್ಭಾಗದಲ್ಲೇ ಇಟ್ಟುಕೊಂಡರೆ ಬೀದಿಯಲ್ಲಿ ಕೊಳ್ಳುವ ಪಜೀತಿ ತಪ್ಪುತ್ತದೆ. ಅಲ್ಲಿಂದ ಕುಮಟಾ ದಾರಿಯಲ್ಲಿ ಮಿರ್ಜಾನ್ ಕೋಟೆ. ಕರಿಮೆಣಸಿನ ರಾಣಿ ಎಂದು ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅಂಟಿಕೊಂಡ ಕೆಂಪು ಜಂಬಿಟ್ಟಿಗೆಯ ಕೋಟೆ. ಬಾದಾಮಿಯ ಮರಳುಗಲ್ಲು ನೋಡಿ ಬಂದ ಮಕ್ಕಳಿಗೆ ಎರಡು ಕಲ್ಲುಗಳ ವ್ಯತ್ಯಾಸ ಮುಟ್ಟಿ ತೋರಿಸಲಿಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಂಜೆಗೆ ಮುರುಡೇಶ್ವರ, 123 ಅಡಿಯ ಶಿವ. ಗೋಪುರದ ಲಿಫ್ಟಿಗೆ ಸರದಿ ಉದ್ದವಿದ್ದರೆ ಬಿಟ್ಟುಬಿಡಿ.

ಕಡಲಿನ ಬಗ್ಗೆ ಒಂದೇ ಮಾತು, ಆದರೆ ಜೀವದ ಮಾತು. ಕೆರೆ, ಕಾಲುವೆ ನೋಡಿ ಬೆಳೆದ ನಮ್ಮ ಜನ ಅಲೆ ಒಡೆಯದೆ ನೀರು ಸುಮ್ಮನಿರುವ ಜಾಗವನ್ನು ಆರಿಸಿ ಇಳಿಯುತ್ತಾರೆ. ದಂಡೆಗೆ ಬಂದ ನೀರು ಹಿಂದಕ್ಕೆ ಸೆಳೆದುಕೊಂಡು ಹೋಗುವ ದಾರಿ ಬಹಳ ಸಲ ಅದೇ. ಎರಡೂ ಬದಿ ಬಿಳಿ ನೊರೆ, ನಡುವೆ ಶಾಂತವಾದ ಕಡುಬಣ್ಣದ ಪಟ್ಟಿ ಕಂಡರೆ ಅಲ್ಲಿ ಇಳಿಯಬೇಡಿ. ಸಿಕ್ಕಿಬಿದ್ದವರು ದಂಡೆಯತ್ತ ಎದುರೀಜಬಾರದು. ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ತಿರುಗಬೇಕು. ಸೀರೆ, ಜೀನ್ಸ್ ನೀರು ಕುಡಿದರೆ ಕಾಲಿಗೆ ಕಲ್ಲು ಕಟ್ಟಿದಂತೆ. ಭರತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ಇದೇ ಹೊತ್ತಿಗೆ ಇಲ್ಲಿ ನೀರಿರಲಿಲ್ಲ ಎಂಬ ಧೈರ್ಯ ಇವತ್ತಿಗೆ ನಡೆಯದು. ಜೀವರಕ್ಷಕರು ಸೀಟಿ ಊದಿದರೆ ವಾದ ಮಾಡದೆ ಹೊರಬನ್ನಿ.

ಹೆಚ್ಚಿನ ಯೋಜನೆಗಳು ಇಲ್ಲಿಗೆ ಮುಗಿಯುತ್ತವೆ, ಅಪಘಾತಗಳು ಇಲ್ಲಿಂದ ಶುರುವಾಗುತ್ತವೆ. ಮುರುಡೇಶ್ವರದಿಂದ ವಿಜಯಪುರ 400 ಕಿ.ಮೀ. ಮೀರುತ್ತದೆ. ‘ರಾತ್ರಿ ಊಟ ಮಾಡಿ ಬಿಟ್ಟರೆ ಬೆಳಗಾಗುವುದರೊಳಗೆ ಮನೆ’ ಎನ್ನುತ್ತಾರೆ. ಹಿಂದೆ ಕೂತವರು ಮಲಗುತ್ತಾರೆ, ಹಗಲೆಲ್ಲ ಬಿಸಿಲಲ್ಲಿ ಗಾಡಿ ಕಾದ ಚಾಲಕ ಮಲಗುವಂತಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ದುಡಿಮೆಗೆ ದಿನಕ್ಕೆ 8 ಗಂಟೆಯ ಮಿತಿ ಇಟ್ಟಿತ್ತು. ಅದು ಸಾಲದೆಂಬಂತೆ, ನವಲಗುಂದ ದಾಟಿ ನಮ್ಮ ಜಿಲ್ಲೆಗಳಿಗೆ ಬಂದರೆ ಎರಡೆರಡು ಟ್ರೇಲರ್ ಕಬ್ಬು ಹೇರಿದ ಟ್ರ್ಯಾಕ್ಟರ್‌ಗಳು. ಹಿಂದೆ ದೀಪವಿಲ್ಲ, ಜೋತುಬಿದ್ದ ಕಬ್ಬು ಇದ್ದೊಂದು ರಿಫ್ಲೆಕ್ಟರನ್ನೂ ಮುಚ್ಚಿರುತ್ತದೆ. ಎದುರು ಗಾಡಿಯ ಬೆಳಕು ಕಣ್ಣಿಗೆ ಬಿದ್ದಾಗ ಮುಂದಿನ ಟ್ರೇಲರ್ ಕಾಣುವುದು ಡಿಕ್ಕಿ ಹೊಡೆಯುವಾಗಲೇ. ಸುಗ್ಗಿಯಲ್ಲಿ ರಸ್ತೆ ಮೇಲೆ ಹರವಿದ ರಾಶಿಯೂ ಇರುತ್ತದೆ, ಅದರ ಅಂಚಿಗಿಟ್ಟ ಕಲ್ಲುಗಳೂ ಇರುತ್ತವೆ. ಹಾಗಾಗಿ ಐದನೇ ದಿನ ಹಗಲಲ್ಲೇ ಕುಮಟಾದಿಂದ ಶಿರಸಿಗೆ ಹತ್ತಿ, ಕದಂಬರ ಬನವಾಸಿಯ ಮಧುಕೇಶ್ವರ ನೋಡಿ, ರಾತ್ರಿ ಶಿರಸಿಯಲ್ಲಿ ತಂಗಿ. ದೇವಿಮನೆ ಘಟ್ಟ ತೆರೆದಿದೆಯೇ ಎಂದು ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ಆರನೇ ದಿನ ಸುಮಾರು 300 ಕಿ.ಮೀ., ಹೊತ್ತು ಮುಳುಗುವ ಮೊದಲು ಮನೆ.

ಬೆಳಗಾವಿಯವರು ಕಿತ್ತೂರು ಕೋಟೆ, ಖಾನಾಪುರ ತಾಲ್ಲೂಕಿನ ಹಲಸಿ ಸೇರಿಸಿಕೊಂಡು ಇದನ್ನೇ ಇನ್ನೊಂದು ತುದಿಯಿಂದ ಹಿಡಿಯಬಹುದು. ಚೋರ್ಲಾ ಘಟ್ಟ ಇಳಿದರೆ ಗೋವಾ ಸೇರುತ್ತೀರಿ, ಬಾಡಿಗೆ ಗಾಡಿಗೆ ಹೊರರಾಜ್ಯದ ಪರ್ಮಿಟ್ ಇದೆಯೇ ನೋಡಿ.

ಗಾಡಿ ಹಳದಿ ಬೋರ್ಡಿನದೇ ಇರಲಿ. ಪರಿಚಯದವರ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಒಯ್ದು ಅನಾಹುತವಾದರೆ ವಿಮೆ ಕಂಪನಿ ಮೊದಲು ಕೇಳುವುದೇ ಆ ಬಾಡಿಗೆ ವಿಷಯ. ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್‌ಗೆ ಒಂಬತ್ತು, ಹತ್ತು ಜನ ಸಾಕು, ಉಳಿದ ಜಾಗ ಚೀಲಗಳಿಗೆ ಬೇಕು. ಫುಟ್‌ಬೋರ್ಡ್ ಎತ್ತರವಿರುವುದರಿಂದ ಅಜ್ಜಿಯಂದಿರಿಗೆ ಹತ್ತಿಳಿಯಲು ಒಂದು ಗಟ್ಟಿ ಮಣೆ ಹಾಕಿಕೊಳ್ಳಿ. ಬಾಡಿಗೆಯನ್ನು ದಿನಕ್ಕೆ ಕನಿಷ್ಠ 250 ಅಥವಾ 300 ಕಿ.ಮೀ. ಎಂದು ಲೆಕ್ಕ ಹಾಕುವುದು ರೂಢಿ. ಆರು ದಿನಕ್ಕೆ 1,500 ಕಿ.ಮೀ. ಹಣ ಕಟ್ಟಿ ಸಾವಿರದ ಆಸುಪಾಸು ಓಡಿಸುವುದು ನಷ್ಟವೆನಿಸಿ ‘ಹಾಗಾದ್ರ ಜೋಗಕ್ಕೂ ಹೋಗಿ ಬರೂಣು’ ಎಂಬ ಮಾತು ಹೊರಡುತ್ತದೆ. ಆ ಹಣ ಗಾಡಿ ನಿಂತ ಹೊತ್ತಿನದು ಎಂದುಕೊಳ್ಳಿ. ಚಾಲಕನ ದಿನದ ಭತ್ಯೆ, ರಾತ್ರಿ ಮಲಗುವ ಜಾಗ ಮೊದಲೇ ಗೊತ್ತಾಗಿರಲಿ. ಅವನು ಸೀಟಿನ ಮೇಲೆ ಸೊಳ್ಳೆ ಹೊಡೆಯುತ್ತಾ ರಾತ್ರಿ ಕಳೆದರೆ ಮರುದಿನದ ಘಟ್ಟದಲ್ಲಿ ಅದರ ಫಲ ಎಲ್ಲರಿಗೂ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಸರಿ. ಕರಾವಳಿಯ ಹವೆಗೆ ಖಡಕ್ ರೊಟ್ಟಿ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ, ಬಟ್ಟೆಯ ಗಂಟು ಬಿಟ್ಟು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಿರಿ. ಮೀನು ಮುಟ್ಟದ ಮನೆಯವರು ಊಟದ ಜಾಗವನ್ನು ಮೊದಲೇ ಕೇಳಿಟ್ಟುಕೊಂಡರೆ ಮಧ್ಯಾಹ್ನ ಎರಡಕ್ಕೆ ಹಸಿದ ಮಕ್ಕಳೊಂದಿಗೆ ಹುಡುಕುವುದು ತಪ್ಪುತ್ತದೆ.

ತಮ್ಮಲ್ಲಿ ಎರಡು ಕೋರಿಕೆ. ಪ್ರವಾಸ ಪುಟದಲ್ಲಿ ದಾರಿ ಪ್ರಕಟಿಸುವಾಗ ಕಿಲೋಮೀಟರ್ ಜೊತೆಗೆ ಹೊರಡುವ ಹೊತ್ತು, ತಲುಪುವ ಹೊತ್ತು, ಮರಳುವ ದಿನವನ್ನೂ ಅಚ್ಚುಹಾಕಿ. ಕಾರ್ಖಾನೆಗಳ ಕಬ್ಬು ನುರಿಸುವಿಕೆ ಶುರುವಾಗುವ ಮುನ್ನ ಪ್ರತಿ ಟ್ರೇಲರ್ ಹಿಂದೆ, ಕಬ್ಬು ಹೇರಿದ ಮೇಲೂ ಕಾಣುವಷ್ಟು ಕೆಳಗೆ, ರಿಫ್ಲೆಕ್ಟರ್ ಪಟ್ಟಿ ಅಂಟಿಸುವಂತೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳ ಆಡಳಿತದ ಗಮನ ಸೆಳೆಯಿರಿ.

— ಪ್ರವಾಸಿ ವಾಹನ ಚಾಲಕರು ಮತ್ತು ಗೈಡ್‌ಗಳು, ಬಾದಾಮಿ