ಕಿಟಕಿ ಪಕ್ಕದ ಸೀಟು ಚೆಲ್ಲೋಗೆ

ನಮ್ಮ ಸಂಘದ ಪತ್ರಿಕೆಯ ಈ ಸಂಚಿಕೆ ಹತ್ತು ದಿನ ತಡವಾಗಿ ನಿಮ್ಮ ಕೈ ಸೇರುತ್ತಿದೆ. ತಪ್ಪು ನನ್ನದೇ. ಮಗಳು ಒಂದು ಯುವ ಆರ್ಕೆಸ್ಟ್ರಾದಲ್ಲಿ ಚೆಲ್ಲೋ ನುಡಿಸುತ್ತಾಳೆ, ಪಿಟೀಲಿನ ಜಾತಿಯದೇ ಒಂದು ದೊಡ್ಡ ವಾದ್ಯ. ಅವರು ವಿದೇಶ ಪ್ರವಾಸ ಹೊರಟಾಗ ಎಪ್ಪತ್ತು ಮಕ್ಕಳನ್ನು ನೋಡಿಕೊಳ್ಳಲು ದೊಡ್ಡವರು ಬೇಕು ಅಂದರು. ಸುಮ್ನೆ ಇರಲಾರದೆ ನಾನೂ ಬರ್ತೀನಿ ಅಂದೆ. ಸಂಗೀತ ಕೇಳಿಕೊಂಡು, ನಾಲ್ಕು ಊರು ನೋಡಿಕೊಂಡು ಬರಬಹುದು ಅಂದುಕೊಂಡಿದ್ದೆ. ನೋಡಿದ್ದೆಲ್ಲ ಜಾಸ್ತಿ ವಿಮಾನ ನಿಲ್ದಾಣಗಳನ್ನೇ.

ಚೆಲ್ಲೋಗೆ ನಾವು ಸೀಟು ಕೊಂಡಿದ್ದೆವು. ಹೌದು, ಪೂರ್ತಿ ಒಂದು ಸೀಟು. ಕೌಂಟರಿನಲ್ಲಿದ್ದ ಹುಡುಗಿ ಪರದೆ ನೋಡಿ, "ಇನ್ನೊಬ್ಬರು ಎಲ್ಲಿ?" ಅಂತ ಕೇಳಿದಳು. ಮಗಳು ತಿರುಗಿ ನಿಂತು ಬೆನ್ನ ಮೇಲಿದ್ದ ಪೆಟ್ಟಿಗೆ ತೋರಿಸಿದಳು. ಹುಡುಗಿ ನಕ್ಕಳು, ಆದರೆ ಅವಳ ಕಂಪ್ಯೂಟರ್ ನಗಲಿಲ್ಲ. ಆ ಇನ್ನೊಬ್ಬರ ಪಾಸ್‌ಪೋರ್ಟ್ ನಂಬರ್ ಬೇಕು, ಹುಟ್ಟಿದ ದಿನ ಬೇಕು ಅಂತ ಹಟ ಹಿಡಿದು ಕೂತಿತು. ಮೇಲಿನವರು ಬಂದರು, ಅವರ ಮೇಲಿನವರು ಬಂದರು. ನಮ್ಮ ಹಿಂದಿನ ಸಾಲು ಬೆಳೆಯುತ್ತಾ ಹೋಯಿತು.

ಆಮೇಲೆ ಗೊತ್ತಾಯಿತು, ಎಡವಟ್ಟು ನನ್ನದು. ವೆಬ್‌ಸೈಟಿನಲ್ಲಿ ಎರಡನೇ ಪ್ರಯಾಣಿಕನ ಹೆಸರಿನ ಜಾಗದಲ್ಲಿ 'ಚೆಲ್ಲೋ' ಅಂತ ಬರೆದು ಟಿಕೆಟ್ ಕೊಂಡು, ಜಾಣತನ ಮಾಡಿದೆ ಅಂತ ಬೀಗಿದ್ದೆ. ಸೀಟಿನಲ್ಲಿ ಕೂರುವ ಸಾಮಾನಿಗೆ ವಿಮಾನದವರ ಭಾಷೆಯಲ್ಲಿ ಬೇರೆಯೇ ಸಂಕೇತ ಇದೆ, ಸಿಬಿಬಿಜಿ ಅಂತ. ಫೋನ್ ಮಾಡಿ, ಪೆಟ್ಟಿಗೆಯ ಉದ್ದ, ಅಗಲ, ತೂಕ ಹೇಳಿ, ಆ ನಾಲ್ಕು ಅಕ್ಷರ ಟಿಕೆಟಿನ ಮೇಲೆ ಬಂದಿದೆಯಾ ಅಂತ ನೋಡಿಕೊಂಡು, ಅವರು ಒಪ್ಪಿದ್ದನ್ನು ಬರಹದಲ್ಲಿ ಇಟ್ಟುಕೊಂಡು ಹೋಗಬೇಕು. ಫೋನಿನಲ್ಲಿ ಹೂಂ ಅಂದವರು ಬಾಗಿಲ ಹತ್ತಿರ ಇರುವುದಿಲ್ಲ, ಅಲ್ವಾ?

ಒಳಗೆ ಹೋದಮೇಲೂ ನಿಯಮ ಇದೆ. ಕಿಟಕಿ ಪಕ್ಕದ ಸೀಟೇ ಆಗಬೇಕು, ಯಾಕಂದರೆ ಅವಸರದಲ್ಲಿ ಯಾರೂ ಅದನ್ನು ದಾಟಿ ಹೊರಗೆ ಬರುವ ಹಾಗಿರಬಾರದು. ತುರ್ತು ಬಾಗಿಲಿನ ಸಾಲಿನಲ್ಲಿ ಆಗುವುದಿಲ್ಲ. ಮಾಮೂಲಿ ಬೆಲ್ಟ್ ಅದರ ಸೊಂಟಕ್ಕೆ ಸಾಲದು, ಇನ್ನೊಂದು ತುಂಡು ಬೆಲ್ಟ್ ಕೇಳಿ ಜೋಡಿಸಬೇಕು. ಹೋಗುವಾಗ ಗಗನಸಖಿಯೊಬ್ಬರು ತಲೆ ಮೇಲೆ ಮಾಡಿ ಕೂರಿಸಿ ಅಂದರು. ಬರುವಾಗ ಇನ್ನೊಬ್ಬರು ತಲೆ ಕೆಳಗೆ ಮಾಡಿ ಅಂದರು. ಇಬ್ಬರೂ ಅದೇ ನಿಯಮದ ಹೆಸರು ಹೇಳಿದರು. ಮಗಳು ಮರುಮಾತಾಡದೆ ಎರಡೂ ಮಾಡಿದಳು, ಈ ಮಕ್ಕಳಿಗೆ ಅಭ್ಯಾಸ ಆಗಿಬಿಟ್ಟಿದೆ.

ಅಷ್ಟೆಲ್ಲ ಯಾಕೆ, ಲಗೇಜಿಗೆ ಹಾಕಬಾರದಾ ಅಂತ ಕೇಳುವವರಿಗೆ ಒಂದು ಮಾತು. ಚೆಲ್ಲೋದ ಎದುರು ಹಲಗೆ ಸುಮಾರು 4-5 ಮಿಲಿಮೀಟರ್ ದಪ್ಪ, ಅಷ್ಟೇ. ಅದರ ಮೇಲೆ ಕುದುರೆ, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಕುದುರೆಯ ಮೇಲೆ ನಾಲ್ಕು ತಂತಿಗಳ ಎಳೆತ. ಒಳಗೆ ಸೌಂಡ್ ಪೋಸ್ಟ್ ಅನ್ನುವ ಒಂದು ಪುಟ್ಟ ಮರದ ಕಡ್ಡಿ ನಿಂತಿದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ, ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ. ಹಾಗಾಗಿ ಪ್ರಯಾಣಕ್ಕೆ ತಂತಿ ಸ್ವಲ್ಪ ಇಳಿಸಬೇಕು, ಪೂರ್ತಿ ಸಡಿಲಿಸಿದರೆ ಒಳಗಿನ ಕಡ್ಡಿ ಉರುಳಿತು ಅಂತಲೇ ಲೆಕ್ಕ. ಕುದುರೆಯ ಸುತ್ತ, ಕುತ್ತಿಗೆಯ ಕೆಳಗೆ ಮೆತ್ತಗಿನ ಬಟ್ಟೆ ಸುತ್ತಬೇಕು. ವಿಮಾನದೊಳಗಿನ ಒಣ ಗಾಳಿಯ ಕಾಟ ಬೇರೆ. ಅಲ್ಲಿ ತೇವ ಎಷ್ಟೋ ಸಲ ಶೇಕಡ 20ಕ್ಕಿಂತ ಕಡಿಮೆ, ತಂತಿ ಬಿಗಿಯುವ ಬಿರಡೆಗಳು ಒಣಗಿ ತಾವಾಗಿಯೇ ಜಾರುತ್ತವೆ. ನಮ್ಮಲ್ಲಿ ವೀಣೆ ಹೊತ್ತು ತಂದವರಿಗೆ ಇದರ ಇನ್ನೊಂದು ಮುಖ ಗೊತ್ತು: ವೀಣೆಯ ಸ್ವರದ ಮೆಟ್ಟಿಲುಗಳನ್ನು ಕೂರಿಸಿದ ಮೇಣ ಬಿಸಿಲಿನ ರನ್‌ವೇ ಪಕ್ಕ ಮೆತ್ತಗಾದರೆ ಮುಗಿಯಿತು.

ನಮ್ಮ ತಂಡದಲ್ಲಿ ಎಂಟು ಚೆಲ್ಲೋ ಇದ್ದವು. ಮೂರು ಮನೆಯವರು ಸೀಟು ಕೊಂಡಿದ್ದರು. ಐದು ಮನೆಯವರಿಗೆ ಆಗಲಿಲ್ಲ, ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಲಗೇಜಿಗೆ ಕೊಟ್ಟರು. ಇಳಿದಮೇಲೆ ದೊಡ್ಡ ಸಾಮಾನಿನ ಬಾಗಿಲ ಹತ್ತಿರ ಐವರೂ ಸಾಲಾಗಿ ನಿಂತಿದ್ದರು. ನಾಲ್ಕು ಪೆಟ್ಟಿಗೆ ಬಂದವು. ಐದನೆಯದು ಮುಖ ಅಡಿಯಾಗಿ ಬಂತು. ಮೇಲೆ ಒಂದು ಗೀರೂ ಇರಲಿಲ್ಲ. ಹದಿನಾರರ ಹುಡುಗ ಮಂಡಿಯೂರಿ ಒಂದೊಂದೇ ಚಿಲಕ ತೆಗೆದ. ಕೊನೆಯ ಚಿಲಕಕ್ಕೆ ಬಂದಾಗ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ತೆಗಿ ಅಂದೆ. ಕುತ್ತಿಗೆ ಬುಡದಲ್ಲಿ ಮುರಿದು, ನಾಲ್ಕು ತಂತಿಗಳಲ್ಲಿ ಜೋತಾಡುತ್ತಿತ್ತು. ಅವನು ಅಳಲಿಲ್ಲ. ಮುಚ್ಚಳ ಮುಚ್ಚಿ, ಚಿಲಕಗಳನ್ನೆಲ್ಲ ಮತ್ತೆ ಹಾಕಿ, "ಈಗ ಯಾರಿಗೆ ಹೇಳಬೇಕು ಅಂಕಲ್?" ಅಂತ ಕೇಳಿದ.

ದೂರು ಕೊಟ್ಟೆವು. ಹೊರಗಿನ ಪೆಟ್ಟಿಗೆಗೆ ಏನೂ ಆಗಿಲ್ಲವಲ್ಲ ಅಂದರು. ಅವನು ಇಡೀ ಪ್ರವಾಸ ಎರವಲು ಚೆಲ್ಲೋದಲ್ಲಿ ನುಡಿಸಿದ.

ಡಬಲ್ ಬಾಸ್ ಮಕ್ಕಳ ಕತೆ ಬೇರೆ. ಆರಡಿ ಎತ್ತರದ ವಾದ್ಯ, ಸೀಟಿನ ಮಾತೇ ಇಲ್ಲ. ಗಟ್ಟಿ ಪೆಟ್ಟಿಗೆ ಸೇರಿದರೆ ಎಷ್ಟೋ ಕಂಪನಿಗಳು ಒಂದು ನಗಕ್ಕೆ ಬಿಡುವ 32 ಕಿಲೋ ದಾಟಿಹೋಗುತ್ತದೆ. ಅದಕ್ಕೇ ಅವರು ಕಮಾನು ಮಾತ್ರ ಒಂದು ಕೊಳವೆಯಲ್ಲಿಟ್ಟುಕೊಂಡು ಬಂದಿದ್ದರು, ವಾದ್ಯ ಹೋದ ಹೋದ ಊರಿನಲ್ಲಿ ಬಾಡಿಗೆಗೆ. ಬಾಡಿಗೆ ಅಂದರೆ ಕೀಳು ಅಂತ ನಾನು ಅಂದುಕೊಂಡಿದ್ದೆ. ಒಂದು ಸಂಜೆ ತಾಲೀಮಿಗೆ ಮುಂಚೆ ಒಬ್ಬ ಹುಡುಗ ಹೊಸ ಬಾಸಿನ ಕುತ್ತಿಗೆಯ ಮೇಲೆ ಗೇಣು ಹಾಕಿ ಅಳೆಯುತ್ತಿದ್ದ. ಒಂದೊಂದು ಬಾಸಿನ ತಂತಿ ಒಂದೊಂದು ಉದ್ದ, ನಿನ್ನೆಯ ಸ್ವರ ಇವತ್ತು ಅರ್ಧ ಬೆರಳು ಕೆಳಗಿರುತ್ತದೆ. ಜೊತೆಗೆ ಶ್ರುತಿಯೂ ಊರಿಂದೂರಿಗೆ ಬದಲು, ಎಲ್ಲರೂ ಶ್ರುತಿ ಕೂಡಿಸಿಕೊಳ್ಳುವ 'ಎ' ಸ್ವರ ಒಂದು ಕಡೆ 440 ಹರ್ಟ್ಜ್, ಇನ್ನೊಂದು ಕಡೆ 442. ಹತ್ತು ನಿಮಿಷದಲ್ಲಿ ಅವನ ಬೆರಳು ಜಾಗ ಹುಡುಕಿಕೊಂಡಿತು. ಬಾಸಿಗೆ ಬಾಡಿಗೆಯೇ ಸರಿ ಅಂತ ಅವತ್ತು ಒಪ್ಪಿಕೊಂಡೆ.

ಕಮಾನು ಅಂದಾಗ ನೆನಪಾಯಿತು, ಹಳೇ ಕಮಾನು ಇದ್ದವರು ಹುಷಾರು. ಅದರ ತುದಿಯಲ್ಲಿ ಆನೆ ದಂತದ ಚೂರು ಇರಬಹುದು. 2014ರಲ್ಲಿ ಬುಡಾಪೆಸ್ಟ್ ಫೆಸ್ಟಿವಲ್ ಆರ್ಕೆಸ್ಟ್ರಾದವರು ನ್ಯೂಯಾರ್ಕಿನಲ್ಲಿ ಇಳಿದಾಗ ಇದೇ ಅನುಮಾನದ ಮೇಲೆ ಏಳು ಕಮಾನುಗಳನ್ನು ತಡೆಹಿಡಿದಿದ್ದರು. ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದಡಿ ವಾದ್ಯಕ್ಕೆ ಅಂತಲೇ ಪ್ರಮಾಣಪತ್ರ ಸಿಗುತ್ತದೆ, ಪಾಸ್‌ಪೋರ್ಟ್ ಇದ್ದ ಹಾಗೆ. ಅಂತೂ ಕಂಪ್ಯೂಟರ್ ಕೇಳಿದ್ದು ಪೂರ್ತಿ ತಪ್ಪೇನಲ್ಲ!

ಈಗ ನನ್ನ ತಕರಾರಿಗೆ ಬರ್ತೀನಿ. ಅಮೆರಿಕದಲ್ಲಿ 2015ರ ಮಾರ್ಚ್‌ನಿಂದ ಒಂದು ನಿಯಮ ಜಾರಿಯಲ್ಲಿದೆ: ಜಾಗ ಇದ್ದರೆ ಪಿಟೀಲಿನಂಥ ಸಣ್ಣ ವಾದ್ಯ ಮೇಲಿನ ಗೂಡಿನಲ್ಲಿಡಲು ಅಲ್ಲಿನ ಕಂಪನಿಗಳು ಬಿಡಬೇಕು, ಅದಕ್ಕೆ ಬೇರೆ ದುಡ್ಡು ಕೇಳಬಾರದು. ದೊಡ್ಡದಕ್ಕೆ ಸೀಟು ಕೊಂಡರೆ, ಅದು ಸುರಕ್ಷಿತವಾಗಿ ಕೂರುವಂತಿದ್ದರೆ, ಒಳಗೆ ಬಿಡಬೇಕು. ಒಳ್ಳೆಯದೇ. ಆದರೆ ಸೀಟಿನ ದುಡ್ಡು? ಅದು ಚೆಲ್ಲೋ ಮನೆಯವರ ತಲೆಗೇ. ಆ ಸೀಟಿಗೆ ಮೈಲ್ಸ್, ಅಂದರೆ ಪದೇ ಪದೇ ಹಾರುವವರಿಗೆ ವಿಮಾನದವರು ಕೊಡುವ ಅಂಕಗಳು, ಆದರೂ ಸಿಗುತ್ತಾ ಅಂತ ಕೇಳಬೇಡಿ. ಲಿನ್ ಹ್ಯಾರೆಲ್ ಅಂತ ದೊಡ್ಡ ಚೆಲ್ಲೋ ವಾದಕರೊಬ್ಬರು ತಮ್ಮ ಚೆಲ್ಲೋ ಹೆಸರಿನಲ್ಲಿ ಮೈಲ್ಸ್ ಕೂಡಿಸುತ್ತಿದ್ದರು. 2012ರಲ್ಲಿ ಕಂಪನಿಯವರು ಚೆಲ್ಲೋ ಖಾತೆಯ ಜೊತೆ ಅವರ ಖಾತೆಯನ್ನೂ ಮುಚ್ಚಿಬಿಟ್ಟರು.

ಬಾಸಿನ ಬಾಡಿಗೆ ತಂಡದ ಖರ್ಚು. ಟಿಂಪನಿ ಅನ್ನುವ ದೊಡ್ಡ ನಗಾರಿಗಳ ಬಾಡಿಗೆಯೂ ತಂಡದ್ದೇ. ಹಾರ್ಪ್ ಕೂಡ. ಚೆಲ್ಲೋ ಸೀಟು ಮಾತ್ರ ಯಾಕೆ ಆ ಮನೆಯವರದು? ಮಗು ಏಳನೇ ವಯಸ್ಸಿನಲ್ಲಿ ಆ ವಾದ್ಯ ಇಷ್ಟಪಟ್ಟಿತು ಅನ್ನುವುದಕ್ಕೆ ದಂಡವಾ? ಎಂಟು ಸೀಟಿನ ದುಡ್ಡನ್ನು ಎಪ್ಪತ್ತು ಮನೆಗೆ ಹಂಚಿದರೆ ಒಬ್ಬೊಬ್ಬರಿಗೆ ಬರುವುದು ಒಂದು ಸೀಟಿನ ಒಂಬತ್ತನೇ ಒಂದು ಭಾಗದಷ್ಟು. ಅಷ್ಟು ಮಾಡಿದ್ದರೆ ಆ ಕುತ್ತಿಗೆ ಮುರಿಯುತ್ತಿರಲಿಲ್ಲ. ಇದನ್ನೇ ಬರೆದು ಆರ್ಕೆಸ್ಟ್ರಾ ಸಮಿತಿಗೆ ಕಳಿಸಿದ್ದೇನೆ. ನಮ್ಮ ಸಂಘದ ಹಲವರ ಮಕ್ಕಳು ಇಂಥ ತಂಡಗಳಲ್ಲಿದ್ದಾರೆ, ನೀವೂ ನಿಮ್ಮ ನಿಮ್ಮ ಕಡೆ ಕೇಳಿ.

ಕಾಗದ ತಲುಪಿದ ಮಾರನೇ ದಿನವೇ ಕೊಳಲು ನುಡಿಸುವ ಹುಡುಗಿಯ ತಂದೆ ಫೋನ್ ಮಾಡಿದರು. "ನಮ್ಮ ಮಗಳ ವಾದ್ಯ ಕೈಚೀಲದಲ್ಲಿ ಹೋಗತ್ತೆ ಸಾರ್, ನಾವ್ಯಾಕೆ ಕೊಡಬೇಕು?" ಅಂದರು. ಚೆಲ್ಲೋಗಳನ್ನು ಮನೆಗೆ ಕಳಿಸಿ ಅವಳ ಸೋಲೋ ಒಂದು ಸಲ ಕೇಳಿ ನೋಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೆಯಲ್ಲಿ ಕೇಳಿ ಹೇಳ್ತೀನಿ ಅಂದರು.