ಪಾಪು ಮೇಲಿನ ಪ್ರಬಂಧ ಮುಗಿಯಿತು, ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

ಮೊನ್ನೆ ವೈವಾ ಆಯಿತು. ಆರು ವರ್ಷ ಎಳೆದ ಪಿಎಚ್‌ಡಿ. "ಇನ್ನೂ ಮುಗಿದಿಲ್ವಾ" ಅಂತ ಕೇಳುವುದನ್ನು ಮನೆಯವರು ಬಿಟ್ಟೇ ಎರಡು ವರ್ಷ ಆಗಿತ್ತು.

ವಿಷಯ ಪಾಟೀಲ ಪುಟ್ಟಪ್ಪನವರು, ನಮ್ಮೆಲ್ಲರ ಪಾಪು. ಪತ್ರಿಕೆಯಿಂದ ರಾಜಕೀಯಕ್ಕೆ ಬಂದವರು, 1962ರಿಂದ 1974ರವರೆಗೆ ರಾಜ್ಯಸಭೆಯಲ್ಲಿದ್ದರು. ನಾನು ಬರೆಯಲು ಹೊರಟಿದ್ದು ಆ ಹನ್ನೆರಡು ವರ್ಷದ ಬಗ್ಗೆ ಮಾತ್ರ. ಕಲಾಪದ ಪುಟಗಳನ್ನು ತಿರುವಿ ತಿರುವಿ ಸಾಕಾಗಿ ಗೈಡ್ ಮುಂದೆ ಕೂತಾಗ ಅವರು ಕೇಳಿದ್ದು ಒಂದೇ ಮಾತು: "ಸಂಸದನನ್ನ ಹುಡುಕ್ತಿದ್ದೀಯಲ್ಲ, ಸಂಪಾದಕನನ್ನ ಓದಿದ್ದೀಯಾ?" ಓದಿರಲಿಲ್ಲ. ಸರ್, ಪ್ರಬಂಧ ಶುರುವಾಗಿದ್ದು ಅವತ್ತು.

ಆಮೇಲೆ ಸಿಕ್ಕವರು ಒಬ್ಬ ನಿವೃತ್ತ ಮೇಷ್ಟ್ರು. ಅವರ ಮನೆಯ ತಗಡಿನ ಟ್ರಂಕಿನಲ್ಲಿ ಪಾಪು ಸಂಪಾದಕರಾಗಿದ್ದ 'ಪ್ರಪಂಚ' ವಾರಪತ್ರಿಕೆಯ ಹಳೇ ಸಂಚಿಕೆಗಳಿದ್ದವು. ನುಸಿಗುಳಿಗೆ ವಾಸನೆ, ಮಡಿಕೆಯಲ್ಲೇ ಮುರಿಯುವ ಕಾಗದ. ಕೈಯಿಂದ ಮುಟ್ಟಲು ಬಿಡುತ್ತಿರಲಿಲ್ಲ, ಪುಟದ ಕೆಳಗೆ ಒಂದು ಪೋಸ್ಟ್‌ಕಾರ್ಡ್ ತೂರಿಸಿ ಮೆಲ್ಲಗೆ ಎತ್ತಿ ಮಗುಚುತ್ತಿದ್ದರು. ಅವರ ಮನೆಯ ಅಮ್ಮನ ಕಾನೂನು ಇನ್ನೂ ಖಡಕ್. "ಚಾ ಪಡಸಾಲ್ಯಾಗ ತಮ್ಮಾ, ಪ್ರಪಂಚ ಒಳಗ." ಎಷ್ಟು ಭಾನುವಾರ ಹೋಗಿದ್ದೇನೋ ಲೆಕ್ಕವಿಲ್ಲ, ಒಮ್ಮೆಯೂ ಯಾಕೆ ಬಂದೆ ಅನ್ನಲಿಲ್ಲ.

ಅಲ್ಲಿ ಓದುತ್ತಾ ಹೋದಂತೆ ನನಗನ್ನಿಸಿದ್ದು, ಪಾಪು ಪತ್ರಿಕೆ ಬಿಟ್ಟು ರಾಜಕೀಯಕ್ಕೆ ಹೋಗಲೇ ಇಲ್ಲ, ಪತ್ರಿಕೆಯನ್ನೇ ಅಲ್ಲಿಗೆ ಹೊತ್ತುಕೊಂಡು ಹೋದರು. ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷರಾಗಿ ಸರ್ಕಾರಿ ಕಚೇರಿಯಲ್ಲಿ ಕನ್ನಡ ಎಲ್ಲಿ ಅಂತ ಬೆನ್ನು ಹತ್ತಿದ್ದು ಕೂಡ ವರದಿಗಾರನ ಕೆಲಸವೇ ಅಲ್ವಾ? ಹಾಗಂತ ಬರೀ ಹೊಗಳಿಲ್ಲ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ದಶಕಗಟ್ಟಲೆ ಅದೇ ಅಧ್ಯಕ್ಷರ ಕುರ್ಚಿ ಬೇಕಿತ್ತಾ ಅಂತಲೂ ಕೇಳಿದ್ದೇನೆ. ವೈವಾದಲ್ಲಿ ಜಾಸ್ತಿ ಬೈಸಿಕೊಂಡಿದ್ದು ಅದಕ್ಕೇ.

ಒಂದು ನೋವು ಉಳಿಯಿತು. ಅವರನ್ನೇ ಕೇಳಬೇಕು ಅಂತ ಹನ್ನೊಂದು ಪ್ರಶ್ನೆ ಬರೆದಿಟ್ಟುಕೊಂಡಿದ್ದೆ. ಹುಬ್ಬಳ್ಳಿಯಲ್ಲೇ ಇದ್ದಾರಲ್ಲ, ಮುಂದಿನ ವಾರ ಹೋದರಾಯಿತು ಅಂತ ಸುಮ್ನೆ ಮುಂದೂಡಿದೆ. 2020ರ ಮಾರ್ಚ್ 16ರಂದು ಹೋಗಿಬಿಟ್ಟರು, 101 ವರ್ಷ. ಹತ್ತು ದಿನದೊಳಗೆ ಲಾಕ್‌ಡೌನ್, ಲೈಬ್ರರಿಗೂ ಬೀಗ. ಆಗ ಇದೆಲ್ಲ ಬಿಟ್ಟುಬಿಡ್ತೀನಿ ಅಂದಿದ್ದೆ. ಅಕ್ಕ ಏನೂ ಮಾತಾಡದೆ ಆ ವರ್ಷದ ಫೀ ಕಟ್ಟಿ ರಸೀದಿ ವಾಟ್ಸಾಪ್ ಮಾಡಿದಳು. ಕಟ್ಟಿದ ದುಡ್ಡು ಹಾಳು ಮಾಡೋಕಾಗುತ್ತಾ, ಮತ್ತೆ ಕೂತೆ.

ಬಾಗಿಲು ತೆರೆದ ಮೇಲೆ ಮೊದಲ ದಿನವೇ ಫೋನ್ ಮಾಡಿ "ಬರ್ರಿ, ನಿಮ್ಮ ಟೇಬಲ್ ಒರೆಸೇನಿ" ಅಂದ ಲೈಬ್ರರಿಯ ಅಣ್ಣನಿಗೂ, ನನ್ನ ಕಾಗುಣಿತ ತಿದ್ದಿ ತಿದ್ದಿ ಕಣ್ಣು ಕೆಡಿಸಿಕೊಂಡ ಗೆಳತಿಗೂ ನಾನು ಋಣಿ.

ಈ ಭಾನುವಾರ ಬೈಂಡ್ ಮಾಡಿಸಿದ ಒಂದು ಪ್ರತಿ ಹಿಡಿದು ಮೇಷ್ಟ್ರ ಮನೆಗೆ ಹೋಗುತ್ತಿದ್ದೇನೆ. ಕನ್ನಡಕ ಏರಿಸಿ ಮೊದಲು ಅಚ್ಚಿನ ತಪ್ಪು ಹುಡುಕುತ್ತಾರೆ, ಗೊತ್ತು.