ಮುಕ್ಕಣ್ಣನಾದ ನನ್ನ ಬೈಕು

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನೀವೆಲ್ಲರೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ.

ಕಳೆದ ವಾರ ಕಳಿಸಿದ ಫೋಟೋದಲ್ಲಿ, ಹೆಡ್‌ಲೈಟಿನ ಜೊತೆಗೆ ಹೊಸದಾಗಿ ಕಟ್ಟಿದ ಎರಡು ದೀಪ ನೋಡಿ ಅಮ್ಮ, "ನಿನ್ನ ಬೈಕು ಯಾಕೆ ಮುಕ್ಕಣ್ಣನ ಹಾಗೆ ಕಾಣುತ್ತಿದೆ?" ಎಂದು ನಕ್ಕಳು. ಹಿಂದಿನಿಂದ ತಮ್ಮ, "ನನಗೂ ಅಂಥದೇ ಒಂದು ಜೊತೆ ಕಳಿಸು" ಎಂದು ಕೂಗಿದ. ನೀವು ಮಾತ್ರ "ವೈರಿಂಗ್ ಯಾರು ಮಾಡಿದರು?" ಎಂದಷ್ಟೇ ಕೇಳಿ ಸುಮ್ಮನಾದಿರಿ. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸುವ ಧೈರ್ಯ ಬರಲಿಲ್ಲ. ಮೊದಲ ಸಲ ನಾನೇ ಮಾಡಿದ್ದೆ, ಸುಟ್ಟುಕೊಂಡೆ. ಎರಡನೆಯ ಸಲವೂ ನಾನೇ ಮಾಡಿದೆ, ಅದು ನೆಟ್ಟಗಿದೆ.

ಚಳಿಗಾಲದಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲಾಗುತ್ತದೆ. ಕೆಲಸ ಮುಗಿಸಿ ಬರುವ ದಾರಿಯಲ್ಲಿ ಒಂದಷ್ಟು ದೂರ ಕಾಡು, ಬೀದಿದೀಪವಿಲ್ಲ, ಜಿಂಕೆಗಳಿವೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್. ನನ್ನ ಬೈಕಿನ ಡಿಮ್ ಬೆಳಕು ಸುಮಾರು 50 ಮೀಟರ್ ತೋರಿಸಿದರೆ ಹೆಚ್ಚು. ಲೆಕ್ಕ ನೀವೇ ಹಾಕಿ, ಅಮ್ಮನಿಗೆ ಮಾತ್ರ ಹೇಳಬೇಡಿ.

ಪರಿಚಯದವರೊಬ್ಬರು ಬಿಚ್ಚಿಟ್ಟಿದ್ದ 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪ ಸಿಕ್ಕವು. ಬ್ಯಾಟರಿಯಿಂದ ಹ್ಯಾಂಡಲ್ ಮೇಲಿನ ಪುಟ್ಟ ಸ್ವಿಚ್ಚಿಗೆ, ಅಲ್ಲಿಂದ ನೇರ ದೀಪಕ್ಕೆ ವೈರ್ ಎಳೆದೆ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ರಿಲೇ ಹಾಕಲಿಲ್ಲ. ಹೌದು, ಬೈಯಿರಿ. ನಾಲ್ಕನೆಯ ದಿನ ಕೈಗವಸಿನ ಹತ್ತಿರ ಪ್ಲಾಸ್ಟಿಕ್ ಸುಟ್ಟ ವಾಸನೆ. ನಿಲ್ಲಿಸಿ ನೋಡಿದರೆ ಸ್ವಿಚ್ಚಿನ ಗುಂಡಿ ಬೆಲ್ಲದ ಪಾಕದಂತೆ ಒಂದು ಬದಿಗೆ ಇಳಿದಿತ್ತು. ಒಟ್ಟು 110 ವ್ಯಾಟು, 12 ವೋಲ್ಟು. ಒಂಬತ್ತು ಆಂಪಿಯರಿಗೂ ಮಿಕ್ಕಿದ ಕರೆಂಟು ಆ ಗುಂಡಿಯ ಕಡ್ಡಿಯಷ್ಟು ಕಾಂಟ್ಯಾಕ್ಟಿನಲ್ಲಿ ಹರಿದಿತ್ತು. ಫ್ಯೂಸ್ ಹಾಕಿದ್ದೆ, ನಿಜ. ಆದರೆ ಆ ಸ್ವಿಚ್ಚಿಗೆ ಒಂಬತ್ತು ಆಂಪಿಯರ್ ಭಾರ ಎನ್ನುವುದು 15 ಆಂಪಿಯರಿನ ಫ್ಯೂಸಿಗೆ ಹೇಗೆ ತಿಳಿಯಬೇಕು?

ಸಾಲದ್ದಕ್ಕೆ, ಹಿಡಿಕೆ ಬಿಸಿಮಾಡುವ ಹೀಟರನ್ನೂ ದೀಪಗಳನ್ನೂ ಒಟ್ಟಿಗೆ ಹಾಕಿಕೊಂಡು ಸಿಗ್ನಲ್ಲಿನಲ್ಲಿ ನಿಂತರೆ ಬ್ಯಾಟರಿಗೆ ಚಾರ್ಜೇ ಆಗುತ್ತಿರಲಿಲ್ಲ. ಓಡುವಾಗ ಮೀಟರಿನಲ್ಲಿ 14 ವೋಲ್ಟ್ ತೋರಿಸುತ್ತಿದ್ದದ್ದು ಐಡ್ಲಿಂಗಿನಲ್ಲಿ 12.4ಕ್ಕೆ ಇಳಿಯುತ್ತಿತ್ತು. ಒಂದು ಬೆಳಗ್ಗೆ ಸ್ಟಾರ್ಟರ್ ಬರೀ ಟಿಕ್ ಟಿಕ್ ಎಂದಿತು. ಬೈಕನ್ನು ತಳ್ಳಿಕೊಂಡೇ ಹೋದೆ.

ಇಷ್ಟಾದರೂ ಚೆನ್ನಾಗಿ ಕಂಡಿದ್ದರೆ ಸಮಾಧಾನವಿರುತ್ತಿತ್ತು. ನನ್ನನ್ನು ಬೆಪ್ಪಾಗಿಸಿದ್ದು ಅದೇ: ಬೆಳಕು ಹೆಚ್ಚಿದಷ್ಟೂ ಕಾಣುವುದು ಕಡಿಮೆಯಾಯಿತು. ಮುಂದಿನ ಚಕ್ರದ ಎದುರು ಹತ್ತು ಮೀಟರ್ ಜಾಗ ಹಗಲಿನಂತೆ ಬೆಳಗಿತು, ಕಣ್ಣಿನ ಪಾಪೆ ಆ ಬೆಳಕಿಗೆ ಕುಗ್ಗಿತು, ಆಚೆಯ ಕತ್ತಲು ಇನ್ನಷ್ಟು ದಟ್ಟವಾಯಿತು. ರಸ್ತೆಬದಿಯ ಫಲಕಗಳು ಕಣ್ಣಿಗೆ ಹೊಡೆಯುತ್ತಿದ್ದವು. ಮಂಜು ಕವಿದ ರಾತ್ರಿಯಂತೂ ಬಿಳಿ ಗೋಡೆಯ ಕಡೆಗೇ ಬೈಕು ಓಡಿಸಿದಂತೆ. ಎದುರಿಗೆ ಬಂದವರೆಲ್ಲ ಹೈಬೀಮ್ ಮಿನುಗಿಸಿ ನನ್ನನ್ನು ಶಪಿಸಿಯೇ ಹೋದರು.

ಹೊಸ ಜೋಡಿ ಎಲ್‌ಇಡಿ, ತಲಾ 20 ವ್ಯಾಟು. ಎರಡಕ್ಕೂ ಸೇರಿ ಮೂರು ಚಿಲ್ಲರೆ ಆಂಪಿಯರ್ ಸಾಕು. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರವಿದೆ. ಇಲ್ಲಿನ ನಿಯಮದ ಪರೀಕ್ಷೆ ದಾಟಿದ್ದಕ್ಕೆ ಅದು ಗುರುತು. ಇವು ಮಂಜುದೀಪಗಳಾದ್ದರಿಂದ ಬೆಳಕಿನ ಮೇಲಂಚು ಚಾಕುವಿನಿಂದ ಕತ್ತರಿಸಿದಂತೆ ಅಡ್ಡಕ್ಕೆ ನಿಲ್ಲುತ್ತದೆ, ಅದರಿಂದ ಮೇಲಕ್ಕೆ ಚೆಲ್ಲುವುದು ತೀರ ಕಡಿಮೆ.

ಆ ಅಂಚನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೇ ಒಂದು ಸಂಜೆ ಪೂರ್ತಿ ಹೋಯಿತು. ಗೋಡೆಯಿಂದ ಏಳೂವರೆ ಮೀಟರ್ ದೂರದಲ್ಲಿ ಬೈಕು ನಿಲ್ಲಿಸಿ, ಟಯರ್ ಗಾಳಿ ನೋಡಿ, ನಾನು ಹೆಲ್ಮೆಟ್ ಸಮೇತ ಮೇಲೆ ಕುಳಿತೆ. ಗೆಳತಿ ಗೋಡೆಗೆ ಟೇಪು ಅಂಟಿಸಿದಳು. ಖಾಲಿ ಬೈಕಿನಲ್ಲಿ ಅಳೆದರೆ ಪ್ರಯೋಜನವಿಲ್ಲ, ಕುಳಿತಾಗ ಹಿಂಭಾಗ ತಗ್ಗಿ ದೀಪ ತಲೆ ಎತ್ತುತ್ತದೆ. ದೀಪದ ಎತ್ತರಕ್ಕಿಂತ 15 ಸೆಂಟಿಮೀಟರ್ ಕೆಳಗೆ ಅಂಚು ಬರುವಂತೆ ಬಿಗಿ ಮಾಡಿದೆ. ಒಂದೇ ಒಂದು ಡಿಗ್ರಿ ತಪ್ಪಿದರೂ 50 ಮೀಟರ್ ಆಚೆ ಬೆಳಕು 87 ಸೆಂಟಿಮೀಟರ್ ಮೇಲೇರುತ್ತದೆ. ಇನ್ನೂ ಹೆಚ್ಚು ತಪ್ಪಿದರೆ ಎದುರಿನ ಚಾಲಕನ ಕಣ್ಣಿಗೇ. ನಟ್ಟು ಅರ್ಧ ಸುತ್ತು ಸಡಿಲವಾದರೆ ಸಾಕು.

ದೀಪಗಳನ್ನು ಕೆಳಗೆ, ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಎರಡೂ ಬದಿಗೆ ಕಟ್ಟಿದ್ದೇನೆ. ಅದರಿಂದ ನಾನು ಎಣಿಸದಿದ್ದ ಲಾಭವೂ ಆಯಿತು: ಕೆಳಗಿನಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ರಸ್ತೆಯ ಗುಂಡಿಗಳಿಗೆಲ್ಲ ನೆರಳು ಹುಟ್ಟಿತು. ಮೊದಲು ಚಪ್ಪಟೆಯಾಗಿ ಕಾಣುತ್ತಿದ್ದ ರಸ್ತೆಗೆ ಈಗ ಉಬ್ಬು ತಗ್ಗು ಬಂದಿದೆ. ಎದುರಿನವರಿಗೂ ಒಂಟಿ ದೀಪದ ಬದಲು ತ್ರಿಕೋನ ಕಾಣುವುದರಿಂದ ನಾನೆಷ್ಟು ಹತ್ತಿರವಿದ್ದೇನೆ ಎಂದು ಅಂದಾಜಿಸುವುದು ಸುಲಭ. ಜಿಂಕೆಯನ್ನು ದೂರದಿಂದ ಕಾಣುವುದಕ್ಕೆ ಇವು ಸಾಲವು, ಅದಕ್ಕೆ ಹೈಬೀಮೇ ಬೇಕು. ಇವು ರಸ್ತೆಯ ಅಂಚುಗಳನ್ನು ತೋರಿಸುತ್ತವೆ; ಕಾಡಿನಲ್ಲಿ ನನ್ನ ವೇಗ 60ಕ್ಕೆ ಇಳಿದಿದೆ.

ತಮ್ಮನಿಗೆ ಹೇಳಿ: ಇಲ್ಲಿಂದ ಹೆಡ್‌ಲೈಟ್ ತರಿಸಿಕೊಳ್ಳುವ ಆಸೆ ಬಿಡಲಿ. ಇಲ್ಲಿ ಬಲಬದಿಯ ಸಂಚಾರ, ಡಿಮ್ ಬೆಳಕು ಬಲಕ್ಕೆ ಎದ್ದಿರುತ್ತದೆ. ಎಡಬದಿಯಲ್ಲಿ ಓಡಿಸುವ ನಮ್ಮಲ್ಲಿ ಅದು ನೇರ ಎದುರಿನವರ ಮುಖಕ್ಕೆ ಹೊಡೆಯುತ್ತದೆ. ಮಂಜುದೀಪ ಎರಡೂ ಕಡೆ ಒಂದೇ ಸಮ, ಅದನ್ನು ಬೇಕಾದರೆ ತರುತ್ತೇನೆ. ಹಳದಿಯೇ ಬೇಕೆಂದು ಹಟ ಮಾಡುವುದಾದರೆ ಇರಲಿ, ಫ್ರಾನ್ಸಿನಲ್ಲಿ 1993ರವರೆಗೂ ಹೆಡ್‌ಲೈಟುಗಳೇ ಹಳದಿಯಾಗಿದ್ದವು. ಆದರೆ ಹಳದಿ ಮಂಜನ್ನು ಸೀಳುತ್ತದೆ ಎಂಬುದು ಬರೀ ಮಾತು. ಮಂಜಿನ ಹನಿಗಳು ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿ ಕಣ್ಣಿಗೆ ಕೊಂಚ ಹಿತ, ಅಷ್ಟೇ.

ಎಲ್‌ಇಡಿಯದೂ ಒಂದು ಕಿರಿಕಿರಿ ಇದೆ. ಅದರ ಬಿಸಿಯೆಲ್ಲ ಹಿಂಬದಿಯ ಅಲ್ಯೂಮಿನಿಯಂ ರೆಕ್ಕೆಗಳಿಗೆ ಹೋಗುತ್ತದೆ, ಮುಂದಿನ ಗಾಜು ತಣ್ಣಗೇ ಇರುತ್ತದೆ. ಹ್ಯಾಲೊಜೆನ್ ಆದರೆ ಹಿಮವನ್ನು ತಾನೇ ಕರಗಿಸಿಕೊಳ್ಳುತ್ತಿತ್ತು. ಈಗ ನಾನೇ ಇಳಿದು ಕೈಗವಸಿನಿಂದ ಒರೆಸಬೇಕು.

ಇನ್ನು ನಿಮ್ಮ ಪ್ರಶ್ನೆ. ವೈರಿಂಗಿನ ಚಿತ್ರ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಬ್ಯಾಟರಿಯ ಪಕ್ಕದಲ್ಲೇ 5 ಆಂಪಿಯರಿನ ಫ್ಯೂಸ್, ಅಲ್ಲಿಂದ ರಿಲೇಯ 30ನೇ ನಂಬರಿನ ಪಿನ್ನಿಗೆ, 87ರಿಂದ ದೀಪಗಳಿಗೆ, ಪಾರ್ಕಿಂಗ್ ಲೈಟಿನ ವೈರಿನಿಂದ ಸ್ವಿಚ್ಚಿನ ಮೂಲಕ 86ಕ್ಕೆ, 85ರಿಂದ ಅರ್ತ್‌ಗೆ. ಸ್ವಿಚ್ಚಿನಲ್ಲಿ ಈಗ ಹರಿಯುವುದು ರಿಲೇ ಕಾಯಿಲಿನ ಅಲ್ಪ ಕರೆಂಟು ಮಾತ್ರ, ಕೀ ತೆಗೆದರೆ ದೀಪಗಳೂ ಆರುತ್ತವೆ. ನೀವು ಕಲಿಸಿದಂತೆ ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿದೆ, ಕೊನೆಗೆ ಕಟ್ಟಿದೆ. ಒಂದು ಕಡೆ ಮಾತ್ರ ನಿಮ್ಮ ಮಾತು ಮೀರಿದ್ದೇನೆ: ಜೋಡಣೆಗಳಿಗೆ ಬೆಸುಗೆ ಹಾಕಿಲ್ಲ, ಲೋಹದ ತುಣುಕಿನಲ್ಲಿ ವೈರಿಟ್ಟು ಅದುಮಿ ಕ್ರಿಂಪ್ ಮಾಡಿದ್ದೇನೆ. ಬೈಕಿನ ನಡುಕಕ್ಕೆ ವೈರು ಬೆಸುಗೆ ಮುಗಿಯುವ ಜಾಗದಲ್ಲೇ ಮುರಿಯುತ್ತದೆ ಎನ್ನುವುದು ನನ್ನ ವಾದ. ನೀವು ಒಪ್ಪುವುದಿಲ್ಲವೆಂದು ಗೊತ್ತು. ತಪ್ಪು ಕಂಡಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಚಿತ್ರವನ್ನು ಹಿಂದಕ್ಕೆ ಕಳಿಸಿ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇತಿ,
ನಿಮ್ಮ ಪ್ರೀತಿಯ ಮಗಳು